ಉದ್ಯಮ್ ನೋಂದಣಿ ರದ್ದು ಮಾಡಿಸಿ ಎನ್ನುತ್ತಿದ್ದಾರೆ: 45 ದಿನಗಳ ಪಾವತಿ ನಿಯಮದ ಬಗ್ಗೆ ಸಲಹೆ ಬೇಕು

ಪ್ರಶ್ನೆ: ಮಷಿನ್ ಶಾಪ್ ಮಾಲೀಕ, ಭೋಸರಿ

ಎಲ್ಲರಿಗೂ ನಮಸ್ಕಾರ. ಮೂಲತಃ ಬಾಗಲಕೋಟೆ ಕಡೆಯವನಾದ ನಾನು ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಬಾಡಿಗೆ ಶೆಡ್ಡಿನಲ್ಲಿ ಸಣ್ಣ ಮಷಿನ್ ಶಾಪ್ ನಡೆಸುತ್ತಿದ್ದೇನೆ. ಸಿಎನ್‌ಸಿ ಲೇತುಗಳಲ್ಲಿ ಪಿನ್ನು, ಬುಶ್ಶುಗಳನ್ನು ತಯಾರಿಸಿ ಚಾಕಣದ ಕಂಪನಿಯೊಂದಕ್ಕೆ ಪೂರೈಸುತ್ತೇವೆ; ಆ ಕಂಪನಿ ಅವನ್ನು ಜೋಡಿಸಿ ದೊಡ್ಡ ವಾಹನ ತಯಾರಕರಿಗೆ ಕಳಿಸುತ್ತದೆ. ಸಣ್ಣ ಉದ್ಯಮಗಳ ನೋಂದಣಿಗೆಂದು ಕೇಂದ್ರ ಸರ್ಕಾರ ನಡೆಸುವ ಉದ್ಯಮ್ ಪೋರ್ಟಲಿನಲ್ಲಿ ನಮ್ಮದು ಸೂಕ್ಷ್ಮ ಉದ್ಯಮವೆಂದು ನೋಂದಣಿಯಾಗಿದೆ.

ಅವರ ಪರ್ಚೇಸ್ ಆರ್ಡರಿನಲ್ಲಿ ಪಾವತಿಯ ಅವಧಿ 90 ದಿನ ಎಂದು ಅಚ್ಚಾಗಿರುತ್ತದೆ. ಹಣ ಕೈಗೆ ಬರುವಾಗ ನಾಲ್ಕು ತಿಂಗಳು ದಾಟಿರುತ್ತದೆ. ಸದ್ಯಕ್ಕೆ ಜಿಎಸ್‌ಟಿ ಬಿಟ್ಟು ಸುಮಾರು 8 ಲಕ್ಷ ರೂಪಾಯಿ ಬಾಕಿಯಿದೆ. ಉಕ್ಕಿನ ಸರಳು ಕೊಡುವವರು ಮುಂಗಡ ಕೇಳುತ್ತಾರೆ, ಕಾರ್ಮಿಕರ ಸಂಬಳ ತಡವಾಗುವಂತಿಲ್ಲ, ಬಿಲ್ಲಿನ ಹಣ ಬಂದಿರಲಿ ಬಿಡಲಿ ಅದರ ಮೇಲಿನ ಜಿಎಸ್‌ಟಿಯನ್ನು ಮುಂದಿನ ತಿಂಗಳ 20ರೊಳಗೆ ಕಟ್ಟಲೇಬೇಕು. ಈ ಅಂತರವನ್ನೆಲ್ಲ ಬ್ಯಾಂಕಿನ ಸಿಸಿ (ಕ್ಯಾಶ್ ಕ್ರೆಡಿಟ್) ಸಾಲದ ಖಾತೆಯಿಂದಲೇ ತುಂಬಿಸಿಕೊಳ್ಳುತ್ತಿದ್ದೇನೆ.

ಜನವರಿಯ ಕೊನೆಯಲ್ಲಿ ಆ ಕಂಪನಿಯ ಖರೀದಿ ವಿಭಾಗದಿಂದ ಕರೆ ಬಂತು. ಎಲ್ಲ ಸಣ್ಣ ಪೂರೈಕೆದಾರರ ಬಾಕಿಯನ್ನು ಮಾರ್ಚ್ 31ರೊಳಗೆ ತೀರಿಸುವುದು ತಮ್ಮಿಂದಾಗದು, ತೀರಿಸದಿದ್ದರೆ ತಮಗೆ ತೆರಿಗೆಯ ಹೊರೆ ಬೀಳುತ್ತದೆ, ಆದ್ದರಿಂದ ನೀವು ಉದ್ಯಮ್ ನೋಂದಣಿಯನ್ನು ರದ್ದು ಮಾಡಿಸಿ, ಇಲ್ಲವೇ ನೀವು ತಯಾರಕರಲ್ಲ, ವ್ಯಾಪಾರಿ ಎಂದು ಲೆಟರ್‌ಹೆಡ್ಡಿನಲ್ಲಿ ಬರೆದುಕೊಡಿ ಎಂದರು. ಎರಡೂ ಆಗದಿದ್ದರೆ ಏಪ್ರಿಲ್‌ನಿಂದ ಆರ್ಡರು ಬೇರೆಯವರ ಪಾಲಾಗುತ್ತದೆ ಎಂಬುದನ್ನೂ ಹೇಳಿಯೇ ಬಿಟ್ಟರು.

90 ದಿನ ಎಂದು ಒಪ್ಪಿ ಸಹಿ ಹಾಕಿರುವ ನಮಗೆ 45 ದಿನಗಳ ನಿಯಮ ಅನ್ವಯಿಸುತ್ತದೆಯೇ? ನೋಂದಣಿ ರದ್ದಾದರೆ ನಾವು ಕಳೆದುಕೊಳ್ಳುವುದೇನು? ಗಿರಾಕಿಯನ್ನು ಕಳೆದುಕೊಳ್ಳದೆ ಹಣ ಪಡೆಯುವ ದಾರಿ ಇದೆಯೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ: ಲೆಕ್ಕಪರಿಶೋಧಕ, ಚಿಂಚ್‌ವಡ

ನಮಸ್ಕಾರ ಸರ್. ಮೊದಲು ನೇರ ಮಾತು: ನೋಂದಣಿಯನ್ನು ರದ್ದು ಮಾಡಿಸಬೇಡಿ, ವ್ಯಾಪಾರಿ ಎಂಬ ಸುಳ್ಳು ಪತ್ರವನ್ನಂತೂ ಕೊಡಲೇಬೇಡಿ.

ಇಲ್ಲಿ ಎರಡು ಕಾನೂನುಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಮೊದಲನೆಯದು 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆ. ಅದರ 15ನೇ ಕಲಮಿನ ಪ್ರಕಾರ ಖರೀದಿದಾರರು ಲಿಖಿತ ಒಪ್ಪಂದದಲ್ಲಿ ಹೇಳಿದ ದಿನದೊಳಗೆ ಹಣ ಕೊಡಬೇಕು, ಆದರೆ ಆ ಅವಧಿ ಸರಕು ಸ್ವೀಕೃತವಾದ ದಿನದಿಂದ 45 ದಿನಗಳನ್ನು ಮೀರುವಂತಿಲ್ಲ. ಲಿಖಿತ ಒಪ್ಪಂದವೇ ಇಲ್ಲದಿದ್ದರೆ 15 ದಿನಗಳಷ್ಟೇ ಕಾಲಾವಕಾಶ. ಆದ್ದರಿಂದ ನಿಮ್ಮ ಪರ್ಚೇಸ್ ಆರ್ಡರಿನಲ್ಲಿ 90 ಎಂದಿದ್ದರೂ, ಅದಕ್ಕೆ ನೀವೇ ಸಹಿ ಹಾಕಿದ್ದರೂ, ಕಾನೂನಿನ ಕಣ್ಣಿಗೆ ಅದು 45 ಮಾತ್ರ. ಸರಕು ಮುಟ್ಟಿದ 15 ದಿನಗಳೊಳಗೆ ಖರೀದಿದಾರರು ಲಿಖಿತವಾಗಿ ತಕರಾರು ಎತ್ತದಿದ್ದರೆ, ಮುಟ್ಟಿದ ದಿನವೇ ಸ್ವೀಕೃತಿಯ ದಿನವೆಂದು ಪರಿಗಣಿತವಾಗುತ್ತದೆ.

ಎರಡನೆಯದು ಆದಾಯ ತೆರಿಗೆ ಕಾಯ್ದೆಯ 43ಬಿ ಕಲಮಿಗೆ 2023ರ ಹಣಕಾಸು ಕಾಯ್ದೆಯಿಂದ ಸೇರಿದ ಎಚ್ ಖಂಡ. 2023-24ರ ಆರ್ಥಿಕ ವರ್ಷದಿಂದ ಇದು ಜಾರಿಯಲ್ಲಿದೆ. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ 15ನೇ ಕಲಮಿನ ಗಡುವು ಮೀರಿ ಬಾಕಿ ಉಳಿಸಿಕೊಂಡ ಮೊತ್ತವನ್ನು ಖರೀದಿದಾರರು ಆ ವರ್ಷದ ವೆಚ್ಚವಾಗಿ ತೋರಿಸುವಂತಿಲ್ಲ, ಹಣ ನಿಜವಾಗಿ ಪಾವತಿಸಿದ ವರ್ಷದಲ್ಲಿ ಮಾತ್ರ ತೋರಿಸಬಹುದು. ನಿಮ್ಮ ಗಿರಾಕಿ ಶೇ 25.168ರ ದರದಲ್ಲಿ ತೆರಿಗೆ ಕಟ್ಟುವ ಕಂಪನಿಯಾಗಿದ್ದರೆ, ನಿಮ್ಮ 8 ಲಕ್ಷದ ಬಾಕಿಯೊಂದರಿಂದಲೇ ಈ ವರ್ಷ ಸುಮಾರು 2 ಲಕ್ಷ ರೂಪಾಯಿ ಹೆಚ್ಚು ತೆರಿಗೆ ಕಟ್ಟಬೇಕಾಗುತ್ತದೆ. ಮುಂದಿನ ವರ್ಷ ಪಾವತಿಸಿದಾಗ ಅದು ಸರಿಹೋಗುತ್ತದೆಯಾದರೂ ಅಲ್ಲಿಯವರೆಗೆ ಅವರ ಹಣ ಸರ್ಕಾರದ ಬಳಿ ನಿಂತಿರುತ್ತದೆ. ನಿಮಗೆ ಬಂದ ಕರೆಯ ಹಿಂದಿನ ಕಾರಣ ಇದೇ.

ಮಾರ್ಚ್ ತಿಂಗಳ ಲೆಕ್ಕವನ್ನು ನೀವು ಸರಿಯಾಗಿ ಅರ್ಥಮಾಡಿಕೊಂಡರೆ ಮಾತುಕತೆಯಲ್ಲಿ ನಿಮ್ಮ ಕೈ ಮೇಲಾಗುತ್ತದೆ. ಗಡುವು ಮೀರಿದರೂ ಅದೇ ಆರ್ಥಿಕ ವರ್ಷದೊಳಗೆ ಪಾವತಿಸಿದರೆ ತೆರಿಗೆಯ ದೃಷ್ಟಿಯಿಂದ ಅವರಿಗೆ ನಷ್ಟವಿಲ್ಲ, ಹಾಗಾಗಿ ವರ್ಷದ ಉಳಿದ ತಿಂಗಳುಗಳಲ್ಲಿ ಈ ಖಂಡಕ್ಕೆ ಹೆಚ್ಚು ಬಲವಿಲ್ಲ. ಈ ಸಲ 2026ರ ಫೆಬ್ರವರಿ 14ರವರೆಗೆ ಮುಟ್ಟಿದ ಸರಕಿನ 45 ದಿನಗಳು ಮಾರ್ಚ್ 31ರೊಳಗೆ ಮುಗಿಯುತ್ತವೆ; ಆ ಬಿಲ್ಲುಗಳಲ್ಲಿ ಮಾರ್ಚ್ 31ಕ್ಕೆ ಉಳಿದದ್ದೆಲ್ಲ ಅವರ ಲಾಭಕ್ಕೆ ಸೇರಿ ತೆರಿಗೆಗೆ ಒಳಪಡುತ್ತದೆ. ಆನಂತರ ಮುಟ್ಟಿದ ಸರಕಿನ ಹಣವನ್ನು ಏಪ್ರಿಲ್‌ನಲ್ಲಿ ಕೊಡಬಹುದು, ಆದರೆ ಆಗಲೂ 45 ದಿನ ದಾಟಬಾರದು. ಫೆಬ್ರವರಿ 15ರಂದು ಸರಕು ಪಡೆದು ಏಪ್ರಿಲ್ 20ಕ್ಕೆ ಹಣ ಕೊಟ್ಟವರಿಗೂ ಈ ವರ್ಷ ಆ ವೆಚ್ಚ ದಕ್ಕುವುದಿಲ್ಲ. ಆದಾಯ ತೆರಿಗೆ ರಿಟರ್ನ್ ಸಲ್ಲಿಸುವ ದಿನದೊಳಗೆ ಪಾವತಿಸಿದರೆ ಸಾಕು ಎಂಬ ಸೌಲಭ್ಯ 43ಬಿ ಕಲಮಿನ ಬೇರೆ ಬಾಬತ್ತುಗಳಿಗೆ ಇದೆಯೇ ಹೊರತು ಈ ಖಂಡಕ್ಕಿಲ್ಲ. ಅನೇಕ ಕಂಪನಿಗಳ ಲೆಕ್ಕ ವಿಭಾಗದವರಿಗೇ ಇದು ಸ್ಪಷ್ಟವಿಲ್ಲ.

ವ್ಯಾಪಾರಿ ಎಂದು ಬರೆದುಕೊಡಿ ಎನ್ನುವುದರ ಹಿಂದೆಯೂ ಲೆಕ್ಕಾಚಾರವಿದೆ. 2021ರ ಜುಲೈನಲ್ಲಿ ಚಿಲ್ಲರೆ ಮತ್ತು ಸಗಟು ವ್ಯಾಪಾರಿಗಳಿಗೂ ಉದ್ಯಮ್ ನೋಂದಣಿಯ ಅವಕಾಶ ದೊರೆಯಿತಾದರೂ, ಅದರ ಪ್ರಯೋಜನ ಬ್ಯಾಂಕುಗಳ ಆದ್ಯತಾ ವಲಯದ ಸಾಲಕ್ಕೆ ಸೀಮಿತವಾಯಿತು. ವಿಳಂಬ ಪಾವತಿಯ ರಕ್ಷಣೆ ಅವರಿಗಿಲ್ಲ. ಲೇತಿನ ಮೇಲೆ ಪಿನ್ನು ತಿರುಗಿಸುವ ನೀವು ವ್ಯಾಪಾರಿ ಎಂದು ಸಹಿ ಹಾಕಿದರೆ, ನಾಳೆ ವ್ಯಾಜ್ಯ ಎದ್ದಾಗ ಅದೇ ಕಾಗದವನ್ನು ನಿಮ್ಮ ವಿರುದ್ಧ ಮೇಜಿನ ಮೇಲಿಡುತ್ತಾರೆ.

ನೋಂದಣಿ ಹೋದರೆ ವಿಳಂಬ ಪಾವತಿಯ ರಕ್ಷಣೆಯ ಜೊತೆಗೆ ಅಡಮಾನವಿಲ್ಲದ ಸಾಲಕ್ಕೆ ಸಿಗುವ ಸಿಜಿಟಿಎಂಎಸ್‌ಇ ಖಾತರಿಯೂ ಕೈಬಿಡುತ್ತದೆ. 2025ರ ಏಪ್ರಿಲ್ 1ರಿಂದ ಆ ಖಾತರಿಯ ಮಿತಿ 5 ಕೋಟಿಯಿಂದ 10 ಕೋಟಿಗೆ ಏರಿದೆ. ನಿಮ್ಮ ಸಿಸಿ ಖಾತೆ ಯಾವ ಭದ್ರತೆಯ ಮೇಲೆ ನಿಂತಿದೆ ಎಂಬುದನ್ನು ಬ್ಯಾಂಕಿನಲ್ಲಿ ಇಂದೇ ವಿಚಾರಿಸಿ. ಈ ಖಾತರಿಯ ಮೇಲೆ ನಿಂತಿದ್ದರೆ ನಿಮ್ಮ ಗಿರಾಕಿಗೂ ಅದನ್ನು ಹೇಳಬಹುದು. ನೋಂದಣಿ ರದ್ದತಿಗೆ ಒಪ್ಪದಿರಲು ಅದಕ್ಕಿಂತ ಸೌಮ್ಯವಾದ, ಸತ್ಯವಾದ ಕಾರಣ ಇನ್ನೊಂದಿಲ್ಲ.

ಉತ್ತರ: ಪ್ರೆಸ್ ಶಾಪ್ ನಡೆಸುವವರು, ಚಾಕಣ

ಅಣ್ಣಾ, ಇದೇ ಒತ್ತಾಯ ನಮಗೂ 2024ರ ಮಾರ್ಚ್‌ನಲ್ಲಿ, ಈ ನಿಯಮದ ಮೊದಲ ವರ್ಷದಲ್ಲೇ, ಇಬ್ಬರು ಗಿರಾಕಿಗಳಿಂದ ಬಂದಿತ್ತು. ನಾನು ಇಬ್ಬರಿಗೂ ಒಪ್ಪಲಿಲ್ಲ. ಒಬ್ಬರು ಆರ್ಡರು ಕಡಿಮೆ ಮಾಡುತ್ತಾ ಬಂದು ಕೊನೆಗೆ ನಿಲ್ಲಿಸಿಯೇ ಬಿಟ್ಟರು, ಆ ಕೆಲಸ ಮತ್ತೆ ಬರಲಿಲ್ಲ. ಇನ್ನೊಬ್ಬರು ಸ್ವಲ್ಪ ಗೊಣಗಿದರೂ ಪಾವತಿಯನ್ನು 60 ದಿನಗಳ ಆಸುಪಾಸಿಗೆ ತಂದರು, ಇಂದಿಗೂ ನಮ್ಮೊಂದಿಗಿದ್ದಾರೆ. ಎಲ್ಲರಿಗೂ ಒಳ್ಳೆಯದೇ ಆಗುತ್ತದೆ ಎಂದು ನಾನು ಹೇಳಲಾರೆ, ಆದರೆ ಒಬ್ಬನೇ ಗಿರಾಕಿಯ ಮೇಲೆ ನಿಂತ ಶಾಪಿಗೆ ಅಪಾಯ ಎರಡು ಪಟ್ಟು ಎಂಬುದು ಮಾತ್ರ ನಿಜ.

ಕಾನೂನು ತಿಳಿದವರು ಕಾನೂನು ಹೇಳಿದ್ದಾರೆ. ನಾನು ಕಾಗದದ ಬಗ್ಗೆ ಹೇಳುತ್ತೇನೆ, ಏಕೆಂದರೆ 45 ದಿನಗಳ ಎಣಿಕೆ ಎಲ್ಲಿಂದ ಆರಂಭವಾಗುತ್ತದೆ ಎಂಬ ಜಗಳದಲ್ಲೇ ನಮ್ಮಂಥವರು ಸೋಲುವುದು. ಕಂಪನಿಯವರು ಬಿಲ್ಲನ್ನು ತಮ್ಮ ಕಂಪ್ಯೂಟರಿನಲ್ಲಿ ನಮೂದಿಸಿದ ದಿನದಿಂದ ಎಣಿಸುತ್ತಾರೆ, ಅದು ಸರಕು ಮುಟ್ಟಿ ಎರಡು ಮೂರು ವಾರಗಳ ನಂತರವೂ ಆಗಿರಬಹುದು. ಆದ್ದರಿಂದ ಗೇಟಿನಲ್ಲಿ ಸೆಕ್ಯುರಿಟಿಯವರು ಚಲನಿನ ಮೇಲೆ ಒತ್ತುವ ಇನ್‌ವರ್ಡ್ ಮೊಹರು ನಿಮ್ಮ ಆಸ್ತಿ ಎಂದು ತಿಳಿಯಿರಿ. ಅದರಲ್ಲಿ ತಾರೀಕು, ವೇಳೆ, ಗೇಟ್ ಎಂಟ್ರಿ ಸಂಖ್ಯೆ ಮತ್ತು ಒಂದು ಅರ್ಧಂಬರ್ಧ ಸಹಿ ಇರುತ್ತದೆ. ಮಳೆಗಾಲದಲ್ಲಿ ಟೆಂಪೊ ಡ್ರೈವರ್ ಜೇಬಿನಲ್ಲಿ ಮಡಚಿ ತಂದ ಚಲನಿನ ಮೇಲೆ ಆ ಶಾಯಿ ಕಲಸಿಹೋಗಿ ತಾರೀಕೇ ಕಾಣದಂತಾಗುತ್ತದೆ. ನಮ್ಮ ಡ್ರೈವರ್ ಗೇಟಿನಲ್ಲಿಯೇ ಮೊಹರಿನ ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಮೇಲೆಯೇ ಗಾಡಿ ತಿರುಗಿಸಬೇಕೆಂದು ನಿಯಮ ಮಾಡಿದ್ದೇನೆ. ಸಂಜೆ ಅದನ್ನು ಬಿಲ್ಲಿನ ಸಂಖ್ಯೆಯ ಹೆಸರಿನಲ್ಲಿ ಕಂಪ್ಯೂಟರಿಗೆ ಸೇರಿಸುತ್ತೇವೆ.

ರಿಜೆಕ್ಷನ್ ವಿಷಯದಲ್ಲೂ ಹಾಗೆಯೇ. ಎರಡು ತಿಂಗಳು ಸುಮ್ಮನಿದ್ದು, ಹಣ ಕೇಳಿದಾಗ ಅಳತೆ ಸರಿಯಿಲ್ಲವೆಂದು ಡೆಬಿಟ್ ನೋಟ್ ಕಳಿಸುವ ಅಭ್ಯಾಸ ಕೆಲವರಿಗಿದೆ. ಸರಕು ಮುಟ್ಟಿ 15 ದಿನ ಕಳೆದ ಕೂಡಲೇ, ಈ ಚಲನಿನ ಸರಕಿನ ಬಗ್ಗೆ ನಿಮ್ಮಿಂದ ಲಿಖಿತ ತಕರಾರು ಬಂದಿಲ್ಲ, ಹಾಗಾಗಿ ಸ್ವೀಕೃತವಾಗಿದೆ ಎಂದು ಭಾವಿಸಿದ್ದೇವೆ ಎಂದು ಎರಡು ಸಾಲಿನ ಇಮೇಲ್ ಹಾಕಿ. ಪ್ರತಿ ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆಯನ್ನು ಅಚ್ಚು ಮಾಡಿಸಿ. ಸಂಬಂಧ ಕೆಡಿಸದೆ ಮಾಡಬಹುದಾದ ಕೆಲಸಗಳಿವು. ಗುರುವಾರ ಪಿಂಪರಿ-ಚಿಂಚ್‌ವಡದಲ್ಲಿ ಕಾರ್ಖಾನೆಗಳಿಗೆ ವಾರದ ರಜೆ ಇರುತ್ತದಲ್ಲ, ನಾನು ಆ ದಿನವನ್ನು ಈ ಕಾಗದಗಳಿಗೆಂದೇ ಇಟ್ಟುಕೊಂಡಿದ್ದೇನೆ.

ಉತ್ತರ: ನಿವೃತ್ತ ಖರೀದಿ ವ್ಯವಸ್ಥಾಪಕ, ನಿಗಡಿ

ಮೇಲಿನ ಉತ್ತರಗಳು ಸರಿಯಾಗಿವೆ. ನಾನು ಬಹುಕಾಲ ಮೇಜಿನ ಆ ಕಡೆ ಕುಳಿತವನಾದ್ದರಿಂದ ಖರೀದಿದಾರರ ಕಷ್ಟವನ್ನೂ ಹೇಳುವುದು ನ್ಯಾಯ ಎನಿಸುತ್ತದೆ. ಅದು ತಿಳಿದರೆ ಯಾರೊಂದಿಗೆ, ಯಾವ ಮಾತು ಆಡಬೇಕೆಂಬುದು ನಿಮಗೂ ಹೊಳೆಯುತ್ತದೆ.

ನಿಮ್ಮನ್ನು ಕರೆದು ಒತ್ತಾಯಿಸಿದವರು ಖರೀದಿ ವಿಭಾಗದವರು, ಆದರೆ ಒತ್ತಡ ಹುಟ್ಟಿದ್ದು ಲೆಕ್ಕ ವಿಭಾಗದಲ್ಲಿ. ವರ್ಷದ ಕೊನೆಯ ತ್ರೈಮಾಸಿಕದಲ್ಲಿ ಲೆಕ್ಕಪರಿಶೋಧಕರು ಪ್ರತಿ ಪೂರೈಕೆದಾರರೂ ಸೂಕ್ಷ್ಮವೋ ಸಣ್ಣದೋ ಮಧ್ಯಮವೋ ವ್ಯಾಪಾರಿಯೋ ಎಂಬುದಕ್ಕೆ ದಾಖಲೆ ಕೇಳುತ್ತಾರೆ. ಅದರ ಮೇಲೆ, 45 ದಿನ ಮೀರಿದ ಬಾಕಿಯನ್ನು ಕಾರಣಸಹಿತವಾಗಿ ಕಂಪನಿ ರಿಜಿಸ್ಟ್ರಾರರಿಗೆ ಎಂಎಸ್‌ಎಂಇ-1 ನಮೂನೆಯಲ್ಲಿ ಆರು ತಿಂಗಳಿಗೊಮ್ಮೆ, ಅಂದರೆ ಏಪ್ರಿಲ್ 30 ಮತ್ತು ಅಕ್ಟೋಬರ್ 31ರೊಳಗೆ, ತಿಳಿಸಬೇಕು. ಖರೀದಿ ವಿಭಾಗದ ಕಿರಿಯ ಅಧಿಕಾರಿಗೆ ಇದರಿಂದ ಪಾರಾಗುವ ಸುಲಭದ ದಾರಿಯೆಂದರೆ ನಿಮ್ಮ ವರ್ಗವನ್ನೇ ಬದಲಾಯಿಸುವುದು. ನೀವು ಮಾತಾಡಬೇಕಾದದ್ದು ಅವರೊಂದಿಗಲ್ಲ, ಹಣಕಾಸು ಮುಖ್ಯಸ್ಥರೊಂದಿಗೆ. ಫೆಬ್ರವರಿ ಮಧ್ಯದೊಳಗಿನ ಬಿಲ್ಲುಗಳ ಪಟ್ಟಿಯನ್ನು, ಪ್ರತಿಯೊಂದರ ಎದುರು 45ನೇ ದಿನ ಯಾವುದೆಂದು ಬರೆದು, ಅವರಿಗೆ ಕಳಿಸಿ. ಅವರಿಗೆ ತೆರಿಗೆಯ ಲೆಕ್ಕ ಬಾಯಿಪಾಠವಾಗಿರುತ್ತದೆ, ವಿವರಿಸಿ ಹೇಳುವ ಅಗತ್ಯವೇ ಬೀಳುವುದಿಲ್ಲ.

ಈ ಕಾನೂನಿನ ನಿಜವಾದ ಕೊರತೆ ನನ್ನ ಅಭಿಪ್ರಾಯದಲ್ಲಿ ಬೇರೆ ಕಡೆ ಇದೆ. 45 ದಿನಗಳ ರಕ್ಷಣೆ ಸೂಕ್ಷ್ಮ ಮತ್ತು ಸಣ್ಣ ಪೂರೈಕೆದಾರರಿಗೆ ಮಾತ್ರ, ಮಧ್ಯಮ ಉದ್ಯಮಕ್ಕೆ ಇಲ್ಲ. ಪುಣೆಯ ವಾಹನ ಬಿಡಿಭಾಗಗಳ ಸರಪಳಿಯಲ್ಲಿ ಎರಡನೇ ಹಂತದ ಬಹಳಷ್ಟು ಕಂಪನಿಗಳು ಮಧ್ಯಮ ವರ್ಗಕ್ಕೆ ಸೇರುತ್ತವೆ. ಮೇಲಿನ ದೊಡ್ಡ ಗಿರಾಕಿ ತಮಗೆ ಬೇಕಾದಾಗ ಹಣ ಕೊಟ್ಟರೂ ಅವರು ಕೇಳುವಂತಿಲ್ಲ, ಕೆಳಗಿನ ಸಣ್ಣವರಿಗೆ ಮಾತ್ರ 45 ದಿನಗಳಲ್ಲಿ ಕೊಡಲೇಬೇಕು. ಹೊಣೆಯೆಲ್ಲ ನಡುವಿನವರ ಮೇಲೆ ಬಿದ್ದಾಗ ಅವರು ಅದನ್ನು ಕೆಳಕ್ಕೆ ತಳ್ಳಲು ನೋಡುವುದು ತಪ್ಪಾದರೂ ಅನಿರೀಕ್ಷಿತವಲ್ಲ.

ಇದಕ್ಕೆ ಸ್ವಲ್ಪ ಪರಿಹಾರ ಸಿಕ್ಕಿದ್ದು 2025ರ ಏಪ್ರಿಲ್ 1ರಿಂದ, ವರ್ಗೀಕರಣದ ಮಿತಿಗಳು ಏರಿದಾಗ. ಯಂತ್ರೋಪಕರಣಗಳ ಮೇಲಿನ ಹೂಡಿಕೆ 25 ಕೋಟಿ ಮತ್ತು ವಹಿವಾಟು 100 ಕೋಟಿ ರೂಪಾಯಿ ಮೀರದ ಉದ್ಯಮ ಈಗ ಸಣ್ಣದು. ಹಿಂದೆ ಆ ಮಿತಿಗಳು 10 ಕೋಟಿ ಮತ್ತು 50 ಕೋಟಿ ಇದ್ದವು. ಅಂದರೆ ಹಿಂದೆ ಮಧ್ಯಮವಾಗಿದ್ದ ಅನೇಕ ಕಂಪನಿಗಳು ಈಗ ಸಣ್ಣವಾಗಿ, ತಮ್ಮ ಗಿರಾಕಿಯಿಂದ ತಾವೂ 45 ದಿನಗಳಲ್ಲಿ ಹಣ ಕೇಳಬಹುದಾಗಿದೆ. ಮೇಲಿನಿಂದ ಬೇಗ ಬಂದರೆ ಕೆಳಗೂ ಬೇಗ ಇಳಿಯುತ್ತದೆ. ನಿಮ್ಮ ಗಿರಾಕಿ ಯಾವ ವರ್ಗದಲ್ಲಿದ್ದಾರೆ ಎಂಬುದನ್ನು ತಿಳಿದುಕೊಳ್ಳಿ.

ಅವರ ವಹಿವಾಟು 250 ಕೋಟಿ ಮೀರಿದ್ದರೆ ಮತ್ತೊಂದು ದಾರಿಯಿದೆ. ಅಂಥ ಕಂಪನಿಗಳೆಲ್ಲ 2025ರ ಮಾರ್ಚ್ 31ರೊಳಗೆ ಟ್ರೆಡ್ಸ್ (ಬಿಲ್ಲಿನ ಮೇಲೆ ಬ್ಯಾಂಕಿನಿಂದ ಬೇಗ ಹಣ ಕೊಡಿಸುವ ಆನ್‌ಲೈನ್ ವ್ಯವಸ್ಥೆ) ವೇದಿಕೆಯೊಂದರಲ್ಲಿ ಸೇರಬೇಕೆಂದು ಕೇಂದ್ರ ಸರ್ಕಾರ 2024ರ ನವೆಂಬರ್‌ನಲ್ಲಿ ಅಧಿಸೂಚನೆ ಹೊರಡಿಸಿತು. ಅದಕ್ಕೂ ಮುಂಚೆ ಮಿತಿ 500 ಕೋಟಿ ಇತ್ತು. ಆರ್‌ಎಕ್ಸ್‌ಐಎಲ್, ಎಂ1ಎಕ್ಸ್‌ಚೇಂಜ್, ಇನ್‌ವಾಯ್ಸ್‌ಮಾರ್ಟ್ ಇಂಥ ವೇದಿಕೆಗಳು. ಕಂಪನಿ ನಿಮ್ಮ ಬಿಲ್ಲನ್ನು ಅಲ್ಲಿ ಒಪ್ಪಿಕೊಂಡರೆ ಬ್ಯಾಂಕುಗಳು ಬಡ್ಡಿದರದ ಹರಾಜು ಕೂಗಿ ನಿಮಗೆ ಮುಂಚಿತವಾಗಿ ಹಣ ಕೊಡುತ್ತವೆ, ಗಡುವಿನ ದಿನ ಕಂಪನಿಯಿಂದ ವಸೂಲು ಮಾಡಿಕೊಳ್ಳುತ್ತವೆ. ಕಂಪನಿ ಕೊಡದಿದ್ದರೂ ಬ್ಯಾಂಕು ನಿಮ್ಮ ಬಳಿ ಬರುವಂತಿಲ್ಲ, ಅದು ಇದರ ದೊಡ್ಡ ಗುಣ. ಸೇರುವುದು ಕಡ್ಡಾಯವೇ ಹೊರತು ಬಿಲ್ಲು ಹಾಕುವುದು ಕಡ್ಡಾಯವಲ್ಲ, ಅದು ದೊಡ್ಡ ದೋಷ.

ಪ್ರಶ್ನಿಸಿದವರ ಮರುಮಾತು

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಬ್ಯಾಂಕಿನಲ್ಲಿ ವಿಚಾರಿಸಿದೆ, ನಮ್ಮ ಸಿಸಿ ಖಾತೆ ಸಿಜಿಟಿಎಂಎಸ್‌ಇ ಖಾತರಿಯ ಮೇಲೆಯೇ ಇದೆ. ಆದ್ದರಿಂದ ನೋಂದಣಿ ರದ್ದು ಮಾಡಿಸುವ ಮಾತೇ ಇಲ್ಲ ಎಂದು ಗಿರಾಕಿಗೆ ಲಿಖಿತವಾಗಿ ತಿಳಿಸಿದ್ದೇನೆ. ಅವರ ವಹಿವಾಟು 100 ಕೋಟಿ ದಾಟುತ್ತದೆ, 250 ಕೋಟಿ ಮುಟ್ಟುವುದಿಲ್ಲ, ಅಂದರೆ ಹಿರಿಯರು ಹೇಳಿದ ಆ ನಡುವಿನ ಸ್ಥಿತಿಯೇ ಅವರದು. ಹಣಕಾಸು ಮುಖ್ಯಸ್ಥರಿಗೆ ಬಿಲ್ಲುಗಳ ಪಟ್ಟಿಯನ್ನೂ ಕಳಿಸಿದ್ದೇನೆ, ಉತ್ತರ ಬಂದಿಲ್ಲ. ಇದಲ್ಲದೆ ಇನ್ನೊಂದು ಹಳೆಯ ಗಿರಾಕಿಯಿಂದ ಎರಡೂವರೆ ವರ್ಷಗಳ ಹಿಂದಿನ ಬಾಕಿಯೊಂದಿದೆ. ಅವರ ನೋಂದಾಯಿತ ಕಚೇರಿ ಗುಜರಾತಿನಲ್ಲಿದೆ, ಅವರೊಂದಿಗೆ ಈಗ ವ್ಯವಹಾರವಿಲ್ಲ. ಅದರ ವಸೂಲಿಗೆ ಪುಣೆಯಲ್ಲಿಯೇ ಅರ್ಜಿ ಹಾಕಬಹುದೇ?

ಉತ್ತರ: ವಕೀಲೆ, ಮುಂಬೈ

ಹಾಕಬಹುದು, ತಡಮಾಡದೆ ಹಾಕಿ. 2006ರ ಕಾಯ್ದೆಯ 18ನೇ ಕಲಮಿನ ಪ್ರಕಾರ, ಇಂಥ ಬಾಕಿಯ ವ್ಯಾಜ್ಯಗಳನ್ನು ವಿಚಾರಿಸುವ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳ ಸೌಲಭ್ಯ ಮಂಡಳಿಯ ಅಧಿಕಾರ ವ್ಯಾಪ್ತಿ ಪೂರೈಕೆದಾರರು ಇರುವ ಸ್ಥಳದಿಂದ ನಿರ್ಧಾರವಾಗುತ್ತದೆ, ಖರೀದಿದಾರರು ದೇಶದ ಯಾವ ಮೂಲೆಯಲ್ಲಿದ್ದರೂ ಸರಿ. ಅರ್ಜಿಯನ್ನು ಆನ್‌ಲೈನಿನಲ್ಲಿಯೇ ಸಲ್ಲಿಸಬೇಕು. ಸಮಾಧಾನ್ ಪೋರ್ಟಲ್ 2017ರಿಂದ ಇದೆ, 2025ರ ಜೂನ್‌ನಲ್ಲಿ ಆನ್‌ಲೈನ್ ವ್ಯಾಜ್ಯ ಪರಿಹಾರದ ಹೊಸ ಪೋರ್ಟಲ್ ಬಂದಿದೆ. ಮಂಡಳಿ ಮೊದಲು ರಾಜಿ ಸಂಧಾನ ನಡೆಸುತ್ತದೆ, ಅದು ಫಲಿಸದಿದ್ದರೆ ಪಂಚಾಯಿತಿ ನಿರ್ಣಯಕ್ಕೆ (ಆರ್ಬಿಟ್ರೇಷನ್) ಹೋಗುತ್ತದೆ. ಕಾಯ್ದೆ 90 ದಿನಗಳಲ್ಲಿ ಮುಗಿಸಬೇಕೆನ್ನುತ್ತದೆ, ವಾಸ್ತವದಲ್ಲಿ ಅದಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆ ಎಂಬುದಕ್ಕೆ ಸಿದ್ಧರಾಗಿರಿ.

ತಡಮಾಡಬೇಡಿ ಎಂದದ್ದಕ್ಕೆ ಕಾರಣವಿದೆ. ಮಹಾರಾಷ್ಟ್ರ ರಾಜ್ಯ ವಿದ್ಯುತ್ ಮಂಡಳಿಯ ವಿರುದ್ಧ ಸೋನಾಲಿ ಪವರ್ ಎಕ್ವಿಪ್‌ಮೆಂಟ್ಸ್ ಸಂಸ್ಥೆ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈ 17ರಂದು ತೀರ್ಪು ನೀಡಿ, ಕಾಲಮಿತಿ ಕಾಯ್ದೆಯು ಸಂಧಾನದ ಹಂತಕ್ಕೆ ಅನ್ವಯಿಸುವುದಿಲ್ಲ, ಆದರೆ ಪಂಚಾಯಿತಿ ನಿರ್ಣಯದ ಹಂತಕ್ಕೆ ಅನ್ವಯಿಸುತ್ತದೆ ಎಂದು ಸ್ಪಷ್ಟಪಡಿಸಿತು. ಕಾಲಮಿತಿಯಾದ ಮೂರು ವರ್ಷ ದಾಟಿದ ಬಾಕಿಯನ್ನು ಸಂಧಾನಕ್ಕೆ ಒಯ್ಯಬಹುದು, ಆದರೆ ಎದುರು ಪಕ್ಷದವರು ಒಪ್ಪದಿದ್ದರೆ ಅಲ್ಲಿಂದ ಮುಂದೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಎರಡೂವರೆ ವರ್ಷವಾಗಿರುವ ನಿಮ್ಮ ಬಾಕಿಗೆ ಇನ್ನೂ ಕಾಲವಿದೆ.

ಬಡ್ಡಿಯನ್ನು ಬಿಡದೆ ಕೇಳಿ. 16ನೇ ಕಲಮಿನ ಪ್ರಕಾರ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳಿಗೊಮ್ಮೆ ಅಸಲಿಗೆ ಸೇರುವ ಚಕ್ರಬಡ್ಡಿ ಸಿಗಬೇಕು. 2025ರ ಡಿಸೆಂಬರ್‌ನಿಂದ ಬ್ಯಾಂಕ್ ದರ ಶೇ 5.50 ಆಗಿರುವುದರಿಂದ ವಾರ್ಷಿಕ ಶೇ 16.5 ಆಗುತ್ತದೆ, ಅದಕ್ಕಿಂತ ಹಿಂದಿನ ಅವಧಿಗೆ ಆಗಿನ ಹೆಚ್ಚಿನ ದರ ಹಿಡಿಯಬೇಕು. ಈಗಿನ ದರದಲ್ಲಿ 8 ಲಕ್ಷ ರೂಪಾಯಿ ನಾಲ್ಕು ತಿಂಗಳು ತಡವಾದರೆ ಬಡ್ಡಿ ಸುಮಾರು 45 ಸಾವಿರ. ಖರೀದಿದಾರರು ಈ ಬಡ್ಡಿಯನ್ನು ಆದಾಯ ತೆರಿಗೆಯಲ್ಲಿ ವೆಚ್ಚವಾಗಿ ತೋರಿಸುವಂತೆಯೂ ಇಲ್ಲ. ಮಂಡಳಿಯ ಆದೇಶವನ್ನು ಅವರು ನ್ಯಾಯಾಲಯದಲ್ಲಿ ಪ್ರಶ್ನಿಸಬೇಕಾದರೆ ಮೊದಲು ಮೊತ್ತದ ಶೇ 75ರಷ್ಟನ್ನು ಠೇವಣಿ ಇಡಬೇಕು. ವರ್ಷಗಟ್ಟಲೆ ಎಳೆಯುವವರನ್ನು ಮಾತುಕತೆಗೆ ಕರೆತರುವುದು ಬಹುಪಾಲು ಈ ಷರತ್ತೇ.

ನೋಂದಣಿಯ ಬಗ್ಗೆಯೂ ಒಂದು ಮಾತು. ಒಪ್ಪಂದದ ದಿನ ನೋಂದಣಿ ಇರಲೇಬೇಕು, ಆಮೇಲೆ ಮಾಡಿಸಿದ್ದು ಹಿಂದಿನ ವ್ಯವಹಾರಕ್ಕೆ ಬಾರದು ಎಂದು 2022ರ ಮಹಾಕಾಳಿ ಫುಡ್ಸ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2025ರ ಜನವರಿಯಲ್ಲಿ ಎನ್‌ಬಿಸಿಸಿ ಪ್ರಕರಣದಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠ ಇದಕ್ಕಿಂತ ಉದಾರವಾದ ನಿಲುವು ತಳೆದು ವಿಷಯವನ್ನು ಮೂವರ ಪೀಠಕ್ಕೆ ಒಪ್ಪಿಸಿತು. ಆ ಉದಾರತೆಯನ್ನು ನಂಬಿ ಯಾರೂ ಈಗ ರದ್ದು ಮಾಡಿಸಿ ಮುಂದೆ ಮತ್ತೆ ಮಾಡಿಸಿದರಾಯಿತು ಎಂದುಕೊಳ್ಳಬಾರದು. ನಡುವಿನ ಅವಧಿಯ ಆರ್ಡರುಗಳೆಲ್ಲ ವಾದಕ್ಕೆ ಬೀಳುತ್ತವೆ.

ಉತ್ತರ: ಲೆಕ್ಕಪರಿಶೋಧಕ, ಚಿಂಚ್‌ವಡ

ಒಂದು ಸೇರ್ಪಡೆ. 2026ರ ಏಪ್ರಿಲ್ 1ರಿಂದ 1961ರ ಆದಾಯ ತೆರಿಗೆ ಕಾಯ್ದೆಯ ಸ್ಥಾನಕ್ಕೆ 2025ರ ಹೊಸ ಕಾಯ್ದೆ ಬರುತ್ತದೆ. ಇನ್ನು ಮುಂದೆ 43ಬಿ ಇಲ್ಲ, ಆದ್ದರಿಂದ 45 ದಿನವೂ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕಲಮಿನ ಸಂಖ್ಯೆ ಬದಲಾದರೂ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳ ಬಾಕಿಯ ನಿಯಮ ಹೊಸ ಕಾಯ್ದೆಯಲ್ಲೂ ಮುಂದುವರಿಯುತ್ತದೆ, 2006ರ ಕಾಯ್ದೆಯಂತೂ ಹಾಗೆಯೇ ಇದೆ.

ನಿಮ್ಮ ಗಿರಾಕಿ 250 ಕೋಟಿಯ ಒಳಗಿದ್ದರೂ ಟ್ರೆಡ್ಸ್ ವೇದಿಕೆಗೆ ಸ್ವಇಚ್ಛೆಯಿಂದ ಸೇರಲು ಅಡ್ಡಿಯಿಲ್ಲ. ಹಣಕಾಸು ಮುಖ್ಯಸ್ಥರು ಭೇಟಿಗೆ ಕರೆದರೆ ಬಾಕಿಯ ಪಟ್ಟಿಯ ಜೊತೆಗೆ ಈ ಸಲಹೆಯನ್ನೂ ಕೊಂಡೊಯ್ಯಿರಿ. ಗುಜರಾತಿನ ಗಿರಾಕಿಯ ವಿರುದ್ಧದ ಅರ್ಜಿಗೆ ಬೇಕಾದ ಬಡ್ಡಿಯ ತಖ್ತೆಯನ್ನು ಬ್ಯಾಂಕ್ ದರ ಬದಲಾದ ತಾರೀಕುಗಳ ಪ್ರಕಾರ ತಿಂಗಳುವಾರು ಮಾಡಬೇಕಾಗುತ್ತದೆ; ಬಿಲ್ಲು, ಚಲನ್ ಮತ್ತು ಪರ್ಚೇಸ್ ಆರ್ಡರುಗಳ ಪ್ರತಿಗಳನ್ನು ಜೋಡಿಸಿಟ್ಟುಕೊಂಡರೆ ಅದನ್ನು ನಿಮ್ಮ ಸಿಎ ಅವರೇ ಮಾಡಿಕೊಡಬಲ್ಲರು.